ಸಾವಂತ್ರೆವ್ವ ಮಾವಶಿಯ ಮೂಗು

ಚೀಲದ ಕೊಂಡಿ ತೆರೆದ ಕೂಡಲೇ ಅವರು ಕನ್ನಡಕವನ್ನು ನೆತ್ತಿಗೇರಿಸಿ, ಕಣ್ಣು ಮುಚ್ಚಿ, ಮೂಗನ್ನು ಅದರೊಳಗೆ ಇಳಿಸುತ್ತಿದ್ದರು. ತಲೆ ಎತ್ತಿದಾಗ ಮೂಗಿನ ತುದಿಗೆ ಒಳಬಟ್ಟೆಯ ಧೂಳು ಹತ್ತಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಮೊದಲೇ ಚೀಲದ ಜಾತಕ ಹೇಳಿಬಿಡುತ್ತಿದ್ದರು: "ಕಪಾಟಿನ್ಯಾಗ ಡಾಂಬರ್ ಗೋಳಿ ಇಟ್ಟೀರಿ. ಕಪಾಟಿನ ಹಿಂದಿನ ಗ್ವಾಡಿ ಹಸಿ ಐತಿ."

ಮಿರಜ್ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸಾವಂತ್ರೆವ್ವ ಹಳೆಯ ಚರ್ಮದ ಹ್ಯಾಂಡ್‌ಬ್ಯಾಗುಗಳನ್ನು ಸ್ವಚ್ಛ ಮಾಡಿ ರಿಪೇರಿ ಮಾಡುತ್ತಿದ್ದರು. ಗಲ್ಲಿಯವರೆಲ್ಲ ಅವರನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ತವರು ಅಥಣಿ ಕಡೆ. ಅಲ್ಲಿ ಚಪ್ಪಲಿ ಹೊಲಿಯುವ ಮನೆ. ಮದುವೆಯಾಗಿ ಮಿರಜಿಗೆ ಬಂದವರು ಚಪ್ಪಲಿಯಿಂದ ಚೀಲಕ್ಕೆ ಹೇಗೆ ಬಂದರೆಂದು ಕೇಳಿದರೆ, "ಕಾಲಿಂದ ಭುಜಕ್ಕ ಏರೇನಿ, ಬಡ್ತಿ ಆಗೇತಿ" ಎಂದು ನಗುತ್ತಿದ್ದರು.

ಅವರದೊಂದು ನಿಯಮವಿತ್ತು. ಚೀಲದ ಜೊತೆಗೆ ಅದೇ ಮನೆಯ ಒಂದು ಹಳೆಯ ಹತ್ತಿ ಸೀರೆಯನ್ನೂ ತರಬೇಕು. ಸಾಬೂನಿನ ನೊರೆಯಿಂದಷ್ಟೇ ಚರ್ಮ ಒರೆಸಿ, ಆ ಸೀರೆಯನ್ನು ಒಳಗೆ ತುಂಬಿ ನೆರಳಿನಲ್ಲಿ ಒಣಗಿಸುತ್ತಿದ್ದರು. ಬೇರೆ ಮನೆಯ ಬಟ್ಟೆ ತುಂಬಿದರೆ ಚೀಲಕ್ಕೆ ಬೇರೆಯವರ ವಾಸನೆ ಕೂಡುತ್ತದೆಂದು ಅವರ ವಾದ. ಚರ್ಮ ಆರಿದ ಮೇಲೆ ಔಡಲ ಎಣ್ಣೆ, ಜೇನುಮೇಣ, ಮತ್ತೆ ಮೂಗು. ಮೂಗು ಒಪ್ಪಿದರೆ ಮಾತ್ರ "ಆತು" ಎನ್ನುವರು.

ಒಮ್ಮೆ ಸಾಂಗಲಿಯ ಹೆಂಗಸೊಬ್ಬರು ಬೂಸ್ಟಿನ ವಾಸನೆ ಮುಚ್ಚಲು ಚೀಲಕ್ಕೆ ಸೆಂಟು ಹೊಡೆದು ತಂದಿದ್ದರು. ಮಾವಶಿ ಮೂಗಿಳಿಸಿದವರೇ ಹೊರಗೆಳೆದರು.

"ಬಾಯಾರ, ಇದೇನ್ ಮಾಡೀರಿ? ಕಸಾ ಹೊಡೀದೇ ರಂಗೋಲಿ ಹಾಕೀರಲ್ರಿ!"

"ಲಗ್ನಕ್ಕ ಹೋಗೋದೈತಿ ಮಾವಶಿ, ಲವಕರ, ಲಗೂನ ಆಗಬೇಕು."

"ಹಂಗಾದ್ರ ಇದನ್ನ ಬಿಟ್ಟು ನೀವೊಬ್ರೇ ಹೋಗ್ರಿ. ಇದು ಇನ್ನಾ ತಯಾರಾಗಿಲ್ಲ."

ನಾನು ಅವರಲ್ಲಿಗೆ ಹೋದದ್ದು ದೊಡ್ಡವ್ವನ ಚೀಲ, ಜೊತೆಗೆ ಅವಳದೊಂದು ಹಳೆಯ ಸೀರೆ ಹಿಡಿದು. ದೊಡ್ಡವ್ವ ನರ್ಸ್ ಆಗಿದ್ದಳು. ನನ್ನನ್ನು ಬೆಳೆಸಿ ಓದಿಸಿದವಳು. ಕಂದು ಬಣ್ಣದ ಆ ಚೀಲ ಅವಳ ಭುಜ ಬಿಟ್ಟದ್ದನ್ನು ನಾನು ಕಂಡಿಲ್ಲ. ಅವಳು ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ ಚೀಲಕ್ಕೆ ಮಳೆಗಾಲದಲ್ಲಿ ಬಿಳಿ ಬೂಸ್ಟು ಹತ್ತಿತ್ತು. ಬೂಸ್ಟು ಹೋಗಬೇಕು, ಅವಳ ವಾಸನೆ ಉಳಿಯಬೇಕು. ಹೀಗೆ ಕೇಳಲು ನನಗೆ ಸಂಕೋಚವಾಯಿತು. ಆದರೂ ಕೇಳಿದೆ. ಮಾವಶಿ ನಗಲಿಲ್ಲ.

"ಎಲ್ಲಿ ಕೈ ನಿಂದ್ರಸಬೇಕು ಅನ್ನೂದು ಮೂಗಿಗೆ ತಿಳೀತೈತಿ. ಇಟ್ಟು ಹೋಗು ತಂಗಿ."

ಅದೇ ವಾರ ಅವರಿಗೆ ಜ್ವರ ಬಂತು. ಎದ್ದು ಕುಳಿತಿದ್ದಾರೆಂದು ತಿಳಿದು ಹೋದಾಗ ಯಾರದೋ ಕರಿಯ ಚೀಲದಲ್ಲಿ ಮೂಗಿಟ್ಟಿದ್ದರು. ಬಾಗಿಲಲ್ಲಿ ನಿಂತ ನನಗೇ ಸೀಮೆಎಣ್ಣೆ ನಾತ ಬಡಿಯುತ್ತಿತ್ತು. ಅವರು ಚೀಲ ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿದರು.

"ಏನ್ ವಾಸನಿ ಐತಿ, ಹೇಳವಾ."

"ಸೀಮಿಎಣ್ಣಿ, ಮಾವಶಿ."

ಕರಿಯ ಚೀಲವನ್ನು ದೂರ ಸರಿಸಿದರು. "ಯಾರ ಮುಂದೂ ಅನಬ್ಯಾಡ. ಮೂಗ್ ಹೋತಂದ್ರ ನಂದು ಎಲ್ಲಾ ಹೋತು."

ಆ ಮೇಲೆ ದಿನಾ ಸಾಂಗಲಿಯ ಕಾಲೇಜಿನಲ್ಲಿ ಪಾಠ ಮಾಡಿ ಬಂದವಳು ನೇರ ಗಲ್ಲಿಗೆ ಹೋಗಿ ಅವರಿಗಾಗಿ ಮೂಸತೊಡಗಿದೆ. ಅದರಲ್ಲಿ ನಾನು ಚುರುಕಲ್ಲ.

"ಒಂಥರಾ ಐತ್ರಿ."

"ಒಂಥರಾ ಅಂದ್ರ ಯಾವ ಥರಾ? ಹೆಣ್ಣು ನೋಡಾಕ ಬಂದಾವ್ರಂಗ ಮಾತಾಡಬ್ಯಾಡ. ಹುಳೀನೋ, ಹಸೀನೋ, ಸುಟ್ಟದ್ದೋ?"

"ಹಸಿ."

"ಹಂಗ ಬಾ ದಾರಿಗೆ."

ಅವರು ಗದರುತ್ತ, ನಾನು ಮೂಸುತ್ತ, ಬಂದ ಚೀಲಗಳೆಲ್ಲ ಹೇಗೋ ಮುಗಿದವು. ದೊಡ್ಡವ್ವನ ಚೀಲವನ್ನು ಮಾತ್ರ ಮಾವಶಿ ಮುಟ್ಟಲಿಲ್ಲ. ನಾನೇ ಮೂಸಿ ಹೇಳುತ್ತೇನೆಂದೆ. ತಲೆ ಅಲ್ಲಾಡಿಸಿದರು.

"ಅದಾಗಾಂಗಿಲ್ಲ ತಂಗಿ. ನಿನ್ನ ಮೂಗಿಗೆ ನಿನಗ ಬೇಕಾದ್ದೇ ಬರ್ತೈತಿ. ನಾ ಅದನ್ನ ನಂಬಿ ಒರಸಿದ್ರ ನಿಮ್ಮ ದೊಡ್ಡವ್ವನ್ನೂ ಒರಸಿಬಿಡ್ತೇನಿ."

ಚೀಲ ಹಲಗೆಯ ಮೇಲೆ ಹಾಗೇ ಕುಳಿತಿತ್ತು. ಬೂಸ್ಟು ಪಟ್ಟಿಯ ಹೊಲಿಗೆಗೂ ಹಬ್ಬುತ್ತಿತ್ತು. ಅದನ್ನು ನೋಡದಿರಲು ಇಬ್ಬರೂ ಅಭ್ಯಾಸ ಮಾಡಿಕೊಂಡೆವು.

ದೀಪಾವಳಿ ಕಳೆದ ಒಂದು ಸಂಜೆ ಮಾವಶಿ ಹಿತ್ತಾಳೆ ಕೊಂಡಿಯೊಂದಕ್ಕೆ ಹುಣಸೆಹಣ್ಣು ಉಜ್ಜುತ್ತಿದ್ದವರು ಫಕ್ಕನೆ ನಿಲ್ಲಿಸಿ, ಬಾಗಿಲ ಕಡೆ ತಿರುಗಿ ಕೂಗಿದರು: "ಸುಮನ್, ಹಾಲು ಹೊತ್ತಾಕತ್ತಾವ ನೋಡ!" ಪಕ್ಕದ ಮನೆಯಿಂದ "ಅಗಬಾಯಿ!" ಎಂಬ ಚೀರು, ಪಾತ್ರೆ ಇಳಿಸಿದ ಸದ್ದು. ನನಗಿನ್ನೂ ಯಾವ ವಾಸನೆಯೂ ಬಂದಿರಲಿಲ್ಲ.

ನಾವು ಒಬ್ಬರನ್ನೊಬ್ಬರು ನೋಡಿದೆವು. ಮಾವಶಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ದೊಡ್ಡವ್ವನ ಚೀಲ ಇಳಿಸಿದರು. ಕನ್ನಡಕ ನೆತ್ತಿಗೇರಿತು. ಕಣ್ಣು ಮುಚ್ಚಿತು.

"ಬೂಸ್ಟು," ಎಂದರು ಒಳಗಿನಿಂದಲೇ. ಸ್ವಲ್ಪ ತಡೆದು, "ಡೆಟಾಲ್." ಮತ್ತೆ ಬಹಳ ಹೊತ್ತಿನ ಮೇಲೆ, "ಲವಂಗ. ನಿಮ್ಮ ದೊಡ್ಡವ್ವ ಲವಂಗ ಅಗೀತಿದ್ಲೇನು?"

ವಾರ್ಡಿನ ವಾಸನೆ ತಡೆಯಲು ದೊಡ್ಡವ್ವ ಸದಾ ಬಾಯಲ್ಲಿ ಲವಂಗ ಇಟ್ಟುಕೊಳ್ಳುತ್ತಿದ್ದಳು. ಅದನ್ನು ನಾನು ಮಾವಶಿಗೆ ಎಂದೂ ಹೇಳಿರಲಿಲ್ಲ. "ಹೌದ್ರಿ" ಎಂದೆ. ಮಾವಶಿ ಮೂಗಿನ ತುದಿಯ ಧೂಳು ಒರೆಸಿಕೊಳ್ಳದೆ ನಗುತ್ತ ಕುಳಿತಿದ್ದರು.

ಚೀಲ ತರಲು ಹೋದ ದಿನವೇ ನಾನು ಅವರನ್ನು ಕಂಡ ಕಡೆಯ ದಿನ. ಕೋಣೆ ಖಾಲಿಯಾಗಿತ್ತು. ಕೆಲಸ ನಿಲ್ಲಿಸಿ ಮ್ಹೈಸಾಳದಲ್ಲಿರುವ ಮಗಳ ಮನೆಗೆ ಹೊರಟು ನಿಂತಿದ್ದರು.

"ಈಗ್ಯಾಕ್ರಿ ಮಾವಶಿ? ಮೂಗು ಬಂತಲ್ರಿ."

"ಬಂತಂತ್ಲೇ ಹೊಂಟೇನಿ. ಮೂಗಿಲ್ಲದಾಗ ಬಿಟ್ಟಿದ್ರ ಓಡಿ ಹೋದಂಗ ಆಗ್ತಿತ್ತು. ಈಗ ನಾನಾಗಿ ಹೊಂಟೇನಿ." ಚೀಲದೊಳಗಿನ ಸೀರೆ ತೆಗೆದು ಮಡಿಚಿ ಕೈಗಿತ್ತರು. "ಚೀಲಾನ ಕಪಾಟಿನ್ಯಾಗ ಕುಂದ್ರಸಿ ಪೂಜಾ ಮಾಡಬ್ಯಾಡ. ಚೀಲಕ್ಕ ಹೊಟ್ಟೀ ತುಂಬಾ ಹಾಕಬೇಕು, ಊರ ತಿರಗಸಬೇಕು."

ಪಟ್ಟಿಯ ಮೇಲೆ ದೊಡ್ಡವ್ವನ ಹೆಬ್ಬೆರಳು ಕಪ್ಪಾಗಿಸಿದ್ದ ಜಾಗವನ್ನು ಅವರು ಹಾಗೇ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಆ ಚೀಲಕ್ಕೆ ಊಟದ ಡಬ್ಬಿ, ಛತ್ರಿ, ತಿದ್ದಿದ ಉತ್ತರಪತ್ರಿಕೆಗಳನ್ನೆಲ್ಲ ತುರುಕಿ, ಭುಜಕ್ಕೆ ಹಾಕಿಕೊಂಡು, ನಿಲ್ಲಲೂ ಜಾಗವಿಲ್ಲದ ಸಾಂಗಲಿಯ ಬಸ್ಸು ಹತ್ತಿದೆ.