ತೊಳೆದ ಪಂಜರ

ನಮ್ಮ ಮೊದಲ ಗಿಳಿ ಸತ್ತದ್ದು ಎದೆಯ ಸೋಂಕಿನಿಂದ. ಕೊನೆಕೊನೆಗೆ ಅದು ಉಸಿರೆಳೆದಾಗಲೆಲ್ಲ ಬಾಲವೂ ಮೇಲೆ ಕೆಳಗೆ ಆಡುತ್ತಿತ್ತು. ಹಕ್ಕಿಗಳ ವೈದ್ಯೆ ಇದ್ದದ್ದು ಪುತ್ರಜಯಾದಲ್ಲಿ. ಲಾಕ್‌ಡೌನಿನಲ್ಲಿ ನಾವಿದ್ದ ನಿಲಾಯ್ ಊರು ದಾಟಿ ಹೋಗುವಂತಿರಲಿಲ್ಲ. ಔಷಧಿಯನ್ನೂ ಸಮಾಧಾನವನ್ನೂ ಆಕೆ ಫೋನಿನಲ್ಲೇ ಹೇಳಿದರು. ಮನೆಯ ಹಿಂದೆ ಪರಿಮಳದೆಲೆಯ ಪಾಂಡನ್ ಗಿಡದ ಬುಡದಲ್ಲಿ ಮಗಳೇ ಮಣ್ಣು ಮುಚ್ಚಿದಳು. ಶಾಲೆ ಕಂಪ್ಯೂಟರಿನೊಳಗೆ ಹೊಕ್ಕ ಮೇಲೆ ಅವಳು ಬಾಯಿತುಂಬ ಮಾತಾಡುತ್ತಿದ್ದದ್ದು ಆ ಗಿಳಿಯ ಜೊತೆ ಮಾತ್ರ. ಈಗ ಅದೂ ನಿಂತಿತು. ಊಟಕ್ಕೆ ಕರೆದರೆ ತಲೆಯಾಡಿಸುವಳು, ಅಷ್ಟೆ.

ಇನ್ನೊಂದು ಗಿಳಿ ತರೋಣ ಅಂದವಳು ನಾನೇ.

"ದಟ್ ಒನ್ ಆಲ್ಸೋ ವಿಲ್ ಡೈ, ಅಮ್ಮಾ?" ಎಂದಳು.

ಇಲ್ಲ ಅಂದೆ. ಅಂದ ಮೇಲೆ ಆ ಮಾತು ಉಳಿಸಿಕೊಳ್ಳಬೇಕಿತ್ತು. ವೈದ್ಯೆ ಹೇಳಿದಂತೆ ಮರದ ಕೋಲು, ಹಗ್ಗ, ಉಯ್ಯಾಲೆ ಎಲ್ಲ ಎಸೆದೆ. ಪಂಜರವನ್ನು ಕಾರು ನಿಲ್ಲಿಸುವ ಜಾಗಕ್ಕೆ ಎಳೆದು, ಬ್ಲೀಚ್ ನೀರಲ್ಲಿ ಉಜ್ಜಿ, ಬಿಸಿಲಿಗಿಟ್ಟು, ಮತ್ತೆ ಉಜ್ಜಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಕೈಯಲ್ಲಿ ಬೆಂಚಿನ ಸಂದುಗಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ತೊಳೆಸುತ್ತಿದ್ದರು, ಅದೇ ಅಭ್ಯಾಸ. ಎರಡನೆಯ ಸಲವೂ ಕಂಬಿಗಳು ಕೂಡುವಲ್ಲಿ ಒಂದು ಎಳೆ ಪುಕ್ಕ ಅಂಟಿಕೊಂಡೇ ಇತ್ತು. ಉಗುರಿನಿಂದ ಕಿತ್ತು ತೆಗೆದೆ.

ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನನ್ನ ಗಂಡ ಹೊರಗಿನ ನಲ್ಲಿಯಲ್ಲೇ ಮೀಯುತ್ತ, "ನಮ್ಮ ವಾರ್ಡಿಗಿಂತ ಕ್ಲೀನುಂಟು ಮಾರಾಯ್ತಿ" ಎಂದರು.

ಮಾಂಟ್ ಕಿಯಾರಾದ ಒಬ್ಬಾಕೆ ಗಿಳಿ ಕೊಡುವುದಿದೆ ಎಂದು ಈ ಪರದೇಶದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಧಾರವಾಡದವರು, ಊರಿಗೆ ಹೊರಟಿದ್ದರು. ಕಾಯಿಲೆಯೇನಾದರೂ ಇದೆಯೇ ಎಂದು ಸುತ್ತಿ ಬಳಸಿ ಕೇಳಿದೆ. ಗಿಳಿಗೇನೂ ಇಲ್ಲ ಎಂದರು. ರಸ್ತೆಗಳು ತೆರೆದ ವಾರ ಬಾಡಿಗೆ ಕಾರಿನಲ್ಲಿ ಕಳಿಸಿದರು. ಚಾಲಕ ಪೆಟ್ಟಿಗೆಯನ್ನು ಗೇಟಿನ ಗಾರ್ಡಿನ ಮೇಜಿನ ಮೇಲಿಟ್ಟು ಹಾಗೇ ಹೊರಟುಹೋದ.

ಪಂಜರವನ್ನು ಮಗಳ ಕೋಣೆಯಲ್ಲಿಟ್ಟೆವು. ಒಂದೆರಡು ದಿನ ಗಿಳಿ ಸುಮ್ಮನಿತ್ತು. ಆಮೇಲೆ ಕೆಮ್ಮಿತು. ಮೊದಲು ಒಣ ಕೆಮ್ಮು, ಆಮೇಲೆ ಎದೆಯಾಳದ ಕಫದ್ದು, ಸಿಳ್ಳಿನಂತೆ ಒಳಗೆಳೆದ ಉಸಿರು, ಕಡೆಗೆ ಯಾರೋ ನೀರಿಗೆ ಕೈಚಾಚಿದ ಹಾಗೆ ಸಣ್ಣದೊಂದು "ಹ್ಮ್". ಮಗಳು ಗಿಳಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

ರೆಕಾರ್ಡ್ ಮಾಡಿ ವೈದ್ಯೆಗೆ ಕಳಿಸಿದೆ. ಹಕ್ಕಿಗಳು ಹೀಗೆ ಕೆಮ್ಮುವುದಿಲ್ಲ, ತಿನ್ನುತ್ತಿದ್ದರೆ ಚೆನ್ನಾಗಿದೆ ಎಂದೇ ಅರ್ಥ ಲಾ, ಎಂದು ಇಲ್ಲಿನವರ ರಾಗದಲ್ಲಿ ಹೇಳಿ ನಕ್ಕರು. ನನ್ನ ಗಂಡ ನಗಲಿಲ್ಲ. ಬಾಗಿಲಾಚೆಯೇ ನಿಂತು ಕೇಳಿದರು.

"ಇದು ಹಕ್ಕಿಯದ್ದಲ್ಲ," ಎಂದರು. "ಈ ಕೆಮ್ಮು ನಾನು ದಿನಾ ಕೇಳ್ತೇನೆ. ಆದಿತ್ಯವಾರ ವಾಪಸ್ ಕಳಿಸುವಾ."

ಮಗಳು ಹೋಗಿ ಪಂಜರಕ್ಕೆ ಬೆನ್ನು ಕೊಟ್ಟು ನಿಂತಳು. ಆ ದಿನದಿಂದ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಅಡುಗೆಮನೆಯವರೆಗೂ ಕೆಮ್ಮು ಕೇಳುತ್ತಿತ್ತು.

ಶನಿವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ ಕುಳಿತು ಸ್ಪೀಕರ್ ಹಾಕಿ ಧಾರವಾಡದಾಕೆಗೆ ಫೋನ್ ಮಾಡಿದೆ. ಮಗಳು ಹಿಂದೆ ಮಂಚದ ಮೇಲಿದ್ದಳು. ಕೆಮ್ಮಿನ ವಿಷಯ ಎತ್ತಿದೆ.

"ನಮ್ಮ ಮನಿಯವ್ರು ಆಸ್ಪತ್ರಿಗೆ ಹೋಗೂ ಮುಂಚೆ ಅದರ ಬಾಜೂಕ್ಕೇ ಮಲಗತಿದ್ರು," ಎಂದರು ಆಕೆ. "ಅವ್ರು ಹೋಗಿಬಿಟ್ರು, ಇದು ನಿಲ್ಲಸಲಿಲ್ಲ. ನನಗ ಕೇಳಾಕ ಆಗಲಿಲ್ರೀ."

ಗಿಳಿ ವಾಪಸ್ ಕಳಿಸುವ ಮಾತು ಬಿಟ್ಟು, ಅದು ಚೆನ್ನಾಗಿ ತಿನ್ನುತ್ತಿದೆ ಎಂದೆ. ಆಕೆಯೇ ಕೇಳಿದರು, "ಈಗ ಒಂದ್ಸಲ ಕೇಳಸ್ತೀರೇನು?"

ಫೋನನ್ನು ಪಂಜರದ ಬಳಿ ಹಿಡಿದೆ. ಗಿಳಿ ಒಂದು ರೆಕ್ಕೆ ಚಾಚಿ ಮಡಿಸಿತು, ಮುಖವನ್ನು ಬೆನ್ನ ಪುಕ್ಕದೊಳಗೆ ಹುದುಗಿಸಿತು. ಆ ಕಡೆ ಆಕೆಯ ಉಸಿರು ಕೇಳುತ್ತಿತ್ತು. ಆಗ ನನ್ನ ಹಿಂದಿನಿಂದ ಕೆಮ್ಮು ಬಂತು. ಒಣಗಿದ್ದು, ಕಫದ್ದು, ಸಿಳ್ಳು, ಕಡೆಯ "ಹ್ಮ್" ಕೂಡ.

"ಹೌದ್ರೀ," ಎಂದರು ಆಕೆ. "ಅವರದ." ಫೋನ್ ಇಟ್ಟರು.

"ಶೀ ವಾಂಟೆಡ್ ಟು ಹಿಯರ್ ಇಟ್, ಅಮ್ಮಾ," ಎಂದಳು ಮಗಳು.

ಯಾವಾಗ ಕಲಿತಳೋ. ಇಷ್ಟು ದಿನ ಆ ಬಾಗಿಲ ಹಿಂದಿನಿಂದ ಬಂದ ಕೆಮ್ಮೆಲ್ಲ ಗಿಳಿಯದೇ ಎಂದುಕೊಂಡಿದ್ದೆ. ಅದರಲ್ಲಿ ಅವಳದೆಷ್ಟು, ಅವಳದರಲ್ಲೂ ಕಲಿತದ್ದೆಷ್ಟು, ನಿಜವಾದದ್ದೆಷ್ಟು? ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಆದರೂ ಥರ್ಮಾಮೀಟರ್ ತರಲು ಎದ್ದೆ.