ಸೇಸಮ್ಮನ ಹನ್ನೊಂದು ನಿಮಿಷ

ಬೆಳಗಿನ ಆರು ಗಂಟೆಗೆ ನರಿಕೊಂಬಿನ ಈ ಮನೆಯ ಜಗಲಿಯಲ್ಲಿ ಎರಡು ಒದ್ದೆ ಬಟ್ಟೆಗಳು ಕಾಣುತ್ತವೆ. ಒಂದು ಗೋಣಿಬಟ್ಟೆ, ಅದರೊಳಗೆ ಹಿಂದಿನ ಸಂಜೆ ನೆನೆಸಿಟ್ಟ ಬೀಡಿ ಎಲೆ. ಇನ್ನೊಂದು ಹಳೆಯ ಹತ್ತಿ ಸೀರೆಯ ಅಂಗೈಯಗಲದ ತುಂಡು. ಸೇಸಮ್ಮ ಮೊದಲು ಎತ್ತಿಕೊಳ್ಳುವುದು ಎರಡನೆಯದನ್ನು. ಕೈಗೆ ತಂಬಾಕಿನ ಪುಡಿ ತಗಲುವ ಮೊದಲು ಈ ಕೆಲಸ ಮುಗಿಯಬೇಕು. ಮಧ್ಯಾಹ್ನಕ್ಕೆ ಬೇಕಾದ ಸಿನಿಮಾದ ಡಿಸ್ಕನ್ನು ಅಂಚಿನಲ್ಲಿ ಹಿಡಿದು, ನಡುವಿನ ತೂತಿನಿಂದ ಹೊರಗಡೆಗೆ ನೇರವಾಗಿ ಒರೆಸುತ್ತಾರೆ, ಒಂದೊಂದೇ ಗೆರೆ.

"ಬಟ್ಟಲು ತಿಕ್ಕಿದ ಹಾಗೆ ಸುತ್ತ ತಿಕ್ಕಬಾರದು. ಸುತ್ತ ಗೀರು ಬಿದ್ದರೆ ಇಡೀ ಮಾತೇ ಹೋಗ್ತದೆ. ಅಡ್ಡ ಬಿದ್ದರೆ ಒಂದು ಅಕ್ಷರ ಹಾರಿ ಮುಂದೆ ಹೋಗ್ತದೆ, ಅಷ್ಟೆ" ಎನ್ನುತ್ತಾರೆ. ಒರೆಸಿದ ಡಿಸ್ಕನ್ನು ಮೂಡಣದ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಬೆಳ್ಳಿಯ ಪದರದಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಮಾತು ಸತ್ತಿದೆ ಎಂದು ಲೆಕ್ಕ. ಇವತ್ತಿನದರಲ್ಲಿ ತೂತಿಲ್ಲ. ಅದನ್ನು ಎತ್ತಿಟ್ಟು, ಗೋಣಿ ಬಿಚ್ಚಿ, ಕತ್ತರಿ ಕೈಗೆತ್ತಿಕೊಳ್ಳುತ್ತಾರೆ.

ಸೇಸಮ್ಮನಿಗೆ ಅರುವತ್ತೊಂದು. ಬೀಡಿ ಕಟ್ಟಲು ತೊಡಗಿ ನಲವತ್ತನಾಲ್ಕು ವರ್ಷ. ದಿನಕ್ಕೆ ಏಳುನೂರು ಬೀಡಿ, ಅಂದರೆ ಇಪ್ಪತ್ತೆಂಟು ಕಟ್ಟು. ಮೊದಲೆಲ್ಲ ಸಾವಿರ ದಾಟುತ್ತಿತ್ತು. ಈಗ ಬಲಗೈಯ ಹೆಬ್ಬೆರಳು ಬೆಳಿಗ್ಗೆ ಮಡಚಲಿಕ್ಕೆ ಕೇಳುವುದಿಲ್ಲ, ಬಿಸಿನೀರಿನಲ್ಲಿ ಅದ್ದಿ ಒಪ್ಪಿಸಬೇಕು. ಸೊಂಟಕ್ಕೆ ಗೋಡೆ ಬೇಕು. ಗಂಡ ವೆಂಕಪ್ಪ ಮೊದಲು ನೇತ್ರಾವತಿಯಲ್ಲಿ ಮರಳು ತೆಗೆಯುವ ಹೊಯ್ಗೆ ದೋಣಿಯ ಕೆಲಸಕ್ಕೆ ಹೋಗುತ್ತಿದ್ದವರು, ಈಗ ಮನೆಯಲ್ಲಿದ್ದಾರೆ. ಮಗಳು ಮೋಕ್ಷಿತಾ ಮದುವೆಯಾಗಿ ನಾರಾವಿಯಲ್ಲಿದ್ದಾಳೆ.

ಮನೆಯೊಳಗೆ ನೂರ ಎಂಬತ್ತಮೂರು ಡಿಸ್ಕುಗಳಿವೆ. ಎಲ್ಲ ಹಳೆಯ ಸಿನಿಮಾಗಳು, ಹೆಚ್ಚಿನವು ಕಪ್ಪು ಬಿಳುಪಿನವು.

ಆದರೆ ಅವುಗಳನ್ನು ಇಲ್ಲಿ ಯಾರೂ ನೋಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಕ್ಕಪಕ್ಕದ ಹೆಂಗಸರು ತಂತಮ್ಮ ಮೊರ ಹಿಡಿದು ಈ ಜಗಲಿಗೆ ಬರುತ್ತಾರೆ. ಮೊರ ತೊಡೆಯ ಮೇಲೆ, ಕಣ್ಣು ಮೊರದ ಮೇಲೆ. ಎಲೆಯ ಮೇಲೆ ತಂಬಾಕು ಹರಡಬೇಕು, ಸುರುಳಿ ಸುತ್ತಬೇಕು, ಬೀಡಿಯ ತಲೆ ಮಡಚಿ ನೂಲು ಕಟ್ಟಬೇಕು. ತಲೆ ಎತ್ತಿ ಟಿ.ವಿ. ನೋಡಿದರೆ ಸುರುಳಿ ಸಡಿಲ. ಸಡಿಲವಾದದ್ದನ್ನು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಆರಿಸಿ ಎಸೆಯುತ್ತಾರೆ. ಹಾಗಾಗಿ ಸಿನಿಮಾ ಕಿವಿಗೆ ಮಾತ್ರ. ಗಮಕ ವಾಚನ ಕೇಳಿ ಬೆಳೆದವರಿಗೆ ಈ ಜಗಲಿಯ ಮೌನ ಹೊಸದೆನಿಸದು: ತಲೆಗಳೆಲ್ಲ ಬಾಗಿವೆ, ಕೈಗಳು ತಮ್ಮ ಪಾಡಿಗಿವೆ, ಕಿವಿಗಳು ಮಾತ್ರ ಎದ್ದು ಕೂತಿವೆ.

ಸಿನಿಮಾಗಳ ಹೆಸರೂ ಇಲ್ಲಿ ಬೇರೆ. ಡಿಸ್ಕಿನ ಮೇಲೆ ಅಚ್ಚಾದ ಹೆಸರನ್ನು ಯಾರೂ ಹೇಳುವುದಿಲ್ಲ. ಕೇಳಿದ್ದು ಯಾವುದೋ ಅದೇ ಹೆಸರು: "ರಾಟೆಯದ್ದು", "ಕೆಮ್ಮುವ ಮಾವನದ್ದು", "ಬಾಗಿಲಿನದ್ದು".

ನೆರೆಮನೆಯ ವಿಸ್ಮಿತಾ ಮೂವತ್ತರ ಹರೆಯದವಳು. ರಿಮೋಟು ಅವಳ ಜವಾಬ್ದಾರಿ. ತಂಬಾಕಿನ ಕೈ ತಾಗದಂತೆ ಅದನ್ನು ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇಟ್ಟಿದ್ದಾರೆ. "ಇದೆಲ್ಲ ಫೋನಿನಲ್ಲೇ ಸಿಗ್ತದೆ ಸೇಸಕ್ಕ" ಎಂದು ಅವಳು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾಳಂತೆ. ಸೇಸಮ್ಮನ ಉತ್ತರವೂ ನಾಲ್ಕು ಸಲ ಒಂದೇ: "ಫೋನಿನಲ್ಲಿ ಹೆಣ ಎತ್ತುವಾಗ ಸೋಪು ಮಾರಲಿಕ್ಕೆ ಬರ್ತಾರೆ ಮಾರಾಯ್ತಿ. ನನಗೆ ಬೇಡ."

ಏಳೆಂಟು ಸಿನಿಮಾ ಒಟ್ಟಿಗೆ ಬರುವ ರಟ್ಟಿನ ಪೆಟ್ಟಿಗೆಗೆ ಇಲ್ಲಿ 'ಬಾಕ್ಸ್' ಎನ್ನುತ್ತಾರೆ. ಸೇಸಮ್ಮ ವರ್ಷಕ್ಕೆ ಒಂದು ಬಾಕ್ಸ್ ತರುತ್ತಾರೆ. ಯಾವುದು ಎಂದು ತೀರ್ಮಾನಿಸುವ ಕ್ರಮ ಅವರದ್ದೇ. ಒಂದೇ ಡಿಸ್ಕಿಗೆ ಮೂರು ಸಿನಿಮಾ ತುರುಕಿದ್ದನ್ನು ಮುಟ್ಟುವುದಿಲ್ಲ, "ಜಾಗ ಸಾಲದೆ ಎಲ್ಲಿಯೋ ಕತ್ತರಿ ಹಾಕಿರ್ತಾರೆ." ಹಿಂಬದಿಯಲ್ಲಿ ಎಷ್ಟು ನಿಮಿಷ ಎಂದು ಬರೆದಿರುವುದನ್ನು ಓದಿಸಿ ಕೇಳುತ್ತಾರೆ. ಕೊನೆಯ ಪರೀಕ್ಷೆ ಅಂಗಡಿಯಲ್ಲೇ ನಡೆಯುತ್ತದೆ: ಡಿಸ್ಕು ಹಾಕಿಸಿ, ಟಿ.ವಿ.ಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಹತ್ತು ನಿಮಿಷದೊಳಗೆ ಯಾರು ಅತ್ತೆ, ಯಾರು ಸೊಸೆ, ಯಾರ ಮನೆ, ಏನು ಜಗಳ ಎಂಬುದು ಬೆನ್ನಿಗೆ ಗೊತ್ತಾಗಬೇಕು. ಆಗದಿದ್ದರೆ ಎಷ್ಟು ದೊಡ್ಡ ಹೆಸರಿನ ಸಿನಿಮಾ ಆದರೂ ವಾಪಸು.

ಇನ್ನೊಂದು ಕಟ್ಟಳೆಯೂ ಇದೆ. ಅದು ಗೋಡೆಯ ಮೇಲಿದೆ.

ಕೆಲವು ವರ್ಷಗಳ ಹಿಂದಿನ ನೆರೆಯಲ್ಲಿ ಹೊಳೆ ಈ ಮನೆಯೊಳಗೆ ಮೂರು ದಿನ ನಿಂತಿತ್ತು. ನೀರು ಇಳಿದ ಮೇಲೆ ಉಳಿದ ಕಂದು ಗೆರೆಯನ್ನು ವೆಂಕಪ್ಪ ಸುಣ್ಣ ಬಳಿಯುವಾಗಲೂ ಹಾಗೇ ಬಿಟ್ಟಿದ್ದಾರೆ. ಕೆಳಗಿದ್ದ ನೂರಕ್ಕೂ ಹೆಚ್ಚು ಡಿಸ್ಕುಗಳು ಕೆಸರಿನಲ್ಲಿ ಹೋದವು, ಅಟ್ಟದಲ್ಲಿದ್ದವು ಉಳಿದವು. ಆಮೇಲೆ ಅವರು ಗೆರೆಯಿಂದ ಒಂದು ಮೊಳ ಮೇಲೆ ಹಲಗೆ ಹೊಡೆದು ಕೊಟ್ಟರು. ಆ ಹಲಗೆಯಲ್ಲಿ ಹಿಡಿಸಿದಷ್ಟೇ ಡಿಸ್ಕು. ಹೊಸ ಬಾಕ್ಸ್ ಬಂದರೆ ಹಳೆಯದೊಂದು ಇಳಿಯಬೇಕು. "ನೆರೆ ಬಂದರೆ ಮೊದಲು ಸಿನಿಮಾ ಮೇಲೆ, ಆಮೇಲೆ ಗಂಡ ಮೇಲೆ" ಎಂದು ವೆಂಕಪ್ಪ ನಗುತ್ತಾರೆ. "ನೀವು ಈಜ್ತೀರಲ್ಲ, ಡಿಸ್ಕಿಗೆ ಈಜಲಿಕ್ಕೆ ಬರುವುದಿಲ್ಲ" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಕೆಸರಿನಿಂದ ತೊಳೆದು ಉಳಿಸಿದ ಕೆಲವೇ ಡಿಸ್ಕುಗಳಲ್ಲಿ 'ಬಾಗಿಲಿನದ್ದು' ಒಂದು. ಅಕ್ಕ ತಂಗಿಯರ ಕಥೆ. ಯಾವುದೋ ಮಾತಿಗೆ ಮುರಿದು ದೂರವಾದವರು. ಕೊನೆಯಲ್ಲಿ, ಬಹಳ ವರ್ಷಗಳ ಮೇಲೆ, ಅಕ್ಕ ರೈಲಿಳಿದು ತಂಗಿಯ ಮನೆಗೆ ಬಂದು ಬಾಗಿಲು ಬಡಿಯುತ್ತಾಳೆ. ಮೂರು ಬಡಿತ. ಅಲ್ಲಿಗೆ ಡಿಸ್ಕು ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಹನ್ನೊಂದು ನಿಮಿಷ ಬೆಳ್ಳಿ ಎದ್ದುಹೋಗಿದೆ. ಮತ್ತೆ ಕೇಳಿಸುವುದು ರೈಲಿನ ಸದ್ದು, ಅಕ್ಕನ ಒಂದೇ ಮಾತು: "ಸಾಕು. ಇಷ್ಟು ಸಾಕು ನನಗೆ." ಸಿನಿಮಾ ಮುಗಿಯುತ್ತದೆ.

ಆ ಹನ್ನೊಂದು ನಿಮಿಷವನ್ನು ಸೇಸಮ್ಮ ಹೇಳುತ್ತಾರೆ. ವಿಸ್ಮಿತಾ ತೊಟ್ಟೆಯ ಮೇಲಿನಿಂದಲೇ ರಿಮೋಟು ಒತ್ತಿ ನಿಲ್ಲಿಸುತ್ತಾಳೆ. ಸೇಸಮ್ಮ ಕೈ ನಿಲ್ಲಿಸದೆ, ತಲೆ ಎತ್ತದೆ ತುಳುವಿನಲ್ಲಿ ಮುಂದುವರಿಸುತ್ತಾರೆ. ತಂಗಿ ಬಾಗಿಲು ತೆಗೆಯುತ್ತಾಳೆ. ಎದುರಿಗೆ ಅಕ್ಕ. ತಂಗಿ ಅಳುವುದಿಲ್ಲ, ಹಳೆಯದನ್ನು ಎತ್ತುವುದಿಲ್ಲ. ಒಂದೇ ಮಾತು ಕೇಳುತ್ತಾಳೆ: "ಒಣಸ್ ಆಂಡಾ?" ಊಟ ಆಯಿತಾ? ಆಮೇಲೆ ಮಣೆ ಹಾಕಿ, ಎಲೆ ಹಾಕಿ, ಗಂಜಿಯಿಂದ ಉಪ್ಪಿನಕಾಯಿಯವರೆಗೆ ಬಡಿಸುವುದು. ಹನ್ನೊಂದು ನಿಮಿಷ ಸರಿಯಾಗಿ ಬೇಕು. ಐದು ವರ್ಷಗಳಲ್ಲಿ ಮೂವತ್ತು ಸಲವಾದರೂ ಹೇಳಿದ್ದಾರೆ.

ಈ ಮಾತನ್ನು ಬಗಲಿಗೆ ಕಟ್ಟಿಕೊಂಡು ಹೊರಟವರು ಜುಲೈಕಾ. ಸೇಸಮ್ಮನ ಬಲಕ್ಕೆ ಮೂವತ್ತು ವರ್ಷದಿಂದ ಕೂರುವ, ಐವತ್ತನಾಲ್ಕರ ಹೆಂಗಸು. ಮೂಡುಬಿದಿರೆಯಲ್ಲಿರುವ ಅವರ ಅಕ್ಕ ನಬೀಸಾ ಜೊತೆ ಒಂಬತ್ತು ವರ್ಷ ಮಾತಿರಲಿಲ್ಲ. ಕಾರಣ ಕೇಳಿದರೆ "ಅದು ಬಿಡಿ, ಈಗ ನನಗೇ ಸರಿ ನೆನಪಿಲ್ಲ" ಎನ್ನುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ಯಾರಿಗೂ ಹೇಳದೆ ಸಿದ್ಧಕಟ್ಟೆಯ ಮೇಲಿಂದ ಹೋಗುವ ಬಸ್ಸು ಹತ್ತಿದರು.

"ಬಾಗಿಲು ಬಡಿದೆ. ಅಕ್ಕ ತೆಗೆದಳು. ನೋಡ್ತಾ ನಿಂತಳು. ನನಗೆ ಗಡಿಬಿಡಿ ಆಯ್ತು. ಬಂದವಳು ನಾನು, ಕೇಳಬೇಕಾದದ್ದು ಅವಳು. ಆದರೆ ನಾನೇ ಕೇಳಿಬಿಟ್ಟೆ, 'ಊಟ ಆಯ್ತಾ' ಅಂತ! ಅವಳಿಗೆ ನಗು ತಡೆಯಲಿಕ್ಕೆ ಆಗಲಿಲ್ಲ. 'ನನ್ನ ಮನೆ ಬಾಗಿಲಲ್ಲಿ ನಿಂತು ನನ್ನ ಊಟ ಕೇಳ್ತೀಯಾ' ಅಂತ ಕೈ ಹಿಡಿದು ಒಳಗೆ ಎಳೆದಳು." ಈಗ ತಿಂಗಳಿಗೊಮ್ಮೆ ಅಕ್ಕನೋ ತಂಗಿಯೋ ಆ ಬಸ್ಸಿನಲ್ಲಿರುತ್ತಾರೆ.

ಕಳೆದ ವಾರ ಬಿ.ಸಿ. ರೋಡಿನ ಫಾಝಿಲ್ ಕರೆ ಮಾಡಿದ್ದಾರೆ. ಬಸ್ ನಿಲ್ದಾಣದ ಹಿಂದೆ ಫೋನು ರಿಪೇರಿಯ ಅಂಗಡಿ ಅವರದ್ದು. ಹಿಂದಿನ ಮೂಲೆಯಲ್ಲಿ ಒಂದು ಗಾಜಿನ ಕಪಾಟಿನ ತುಂಬ ಡಿಸ್ಕುಗಳಿದ್ದವು. ಈಗ ಎರಡೇ ಬಾಕ್ಸ್ ಉಳಿದಿವೆ. ಬುಧವಾರ ಸೇಸಮ್ಮನ ಜೊತೆ ಅಲ್ಲಿಗೆ ಹೋದಾಗ ಫಾಝಿಲ್ ಕಪಾಟನ್ನು ಒರೆಸುತ್ತಿದ್ದರು.

"ತಿಂಗಳ ಕೊನೆಗೆ ಕಪಾಟು ತೆಗೀತೇನೆ ಅಕ್ಕ. ಇಲ್ಲಿ ಫೋನಿಗೆ ಗ್ಲಾಸು ಕೂರಿಸುವ ಮೆಷಿನು ಬರ್ತದೆ."

"ಫೋನಿಗೆ ಗ್ಲಾಸು, ನನ್ನ ಕಿವಿಗೆ ಬೀಗ" ಎಂದರು ಸೇಸಮ್ಮ.

ಒಂದು ಬಾಕ್ಸ್‌ನಲ್ಲಿ ಪುರಾಣದ ಏಳು ಸಿನಿಮಾ. ಬೆನ್ನು ತಿರುಗಿಸಿ ಕೇಳಿದ್ದಾಯಿತು. ಮಾತು ಮುತ್ತಿನ ಹಾಗಿದೆ, ಪದ್ಯ ಬಿಡಿಬಿಡಿಯಾಗಿ ಕೇಳುತ್ತದೆ. ಅವರ ತಲೆ ತೂಗಿತು. ಇನ್ನೊಂದನ್ನು ಮುಂದಿಡುವಾಗ ಫಾಝಿಲ್ ಸ್ವಲ್ಪ ತಡೆದರು. ಡಿಸ್ಕಿನ ಪ್ಲೇಯರು ಕೆಟ್ಟಾಗಲೆಲ್ಲ ರಿಪೇರಿಗೆ ಆ ಜಗಲಿಗೆ ಹೋದವರು ಅವರು. ಹನ್ನೊಂದು ನಿಮಿಷವನ್ನು ಅವರೂ ಕೇಳಿದ್ದಾರೆ.

"ಇದರಲ್ಲಿ ನಿಮ್ಮ ಬಾಗಿಲಿನದ್ದು ಉಂಟು ಅಕ್ಕ. ಪೂರ್ತಿ ಉಂಟು. ನಾನು ಹಾಕಿ ನೋಡಿದೆ." ಆಮೇಲೆ ಮೆಲ್ಲಗೆ, "ಅವಳು ಬಾಗಿಲು ತೆಗೆಯುವುದಿಲ್ಲ" ಎಂದರು.

ಸೇಸಮ್ಮ ಗಾಜಿನ ಮೇಲೆ ಕೈಯಿಟ್ಟು ನಿಂತರು. ಎರಡರಲ್ಲಿ ಯಾವುದನ್ನೂ ಎತ್ತಿಕೊಳ್ಳಲಿಲ್ಲ. "ಶುಕ್ರವಾರ ಬರ್ತೇನೆ" ಎಂದಷ್ಟೇ ಹೇಳಿದರು.

ಮನೆಗೆ ಬರುವ ದಾರಿಯಲ್ಲಿ ಅವರು ಬಿಚ್ಚಿ ಹೇಳಿದ್ದು ಇದು. ಆ ಭಾಗವನ್ನು ಅವರು ಎಂದೂ ಕೇಳಿಯೇ ಇಲ್ಲ. ಡಿಸ್ಕು ಸರಿಯಿದ್ದಾಗ ಹಾಕಿದ್ದು ಒಂದೇ ಸಲ, ಅದೂ ಒಬ್ಬರೇ ಇದ್ದಾಗ. ಮೂರನೆಯ ಬಡಿತಕ್ಕೆ ಬ್ರಾಂಚಿನವರು ಬಂದರೆಂದು ಎದ್ದು ಹೋದವರು, ತಿರುಗಿ ಬರುವಾಗ ಕೊನೆಯ ಮಾತು ಮಾತ್ರ ಕಿವಿಗೆ ಬಿತ್ತು. "ಸಾಕು ಅಂತ ಹೇಳಿದಳಲ್ಲ. ನಮ್ಮಲ್ಲಿ ಸಾಕು ಅಂತ ಯಾವಾಗ ಹೇಳ್ತೇವೆ? ಎಲೆಗೆ ಕೈ ಅಡ್ಡ ಹಿಡಿದು, ಹೊಟ್ಟೆ ತುಂಬಿದ ಮೇಲೆ. ಹಾಗಾದರೆ ತಂಗಿ ಊಟ ಹಾಕಿದ್ದಾಳೆ ಅಂತ ನಾನು ಎಣಿಸಿದೆ. ಸೋತು ಹೋದವರೂ ಅದನ್ನೇ ಹೇಳ್ತಾರೆ ಅಂತ ತಲೆಗೆ ಹೋಗಲಿಲ್ಲ." ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ಕಣ್ಣು ಮೊರದಲ್ಲಿತ್ತು.

ಪುರಾಣದ್ದು ತಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಜುಲೈಕಾ ತಿಂಗಳಿಗೊಮ್ಮೆ ನೆಮ್ಮದಿಯಿಂದ ಬಸ್ಸು ಹತ್ತಬಹುದು. ಎರಡು ದಿನ ಸೇಸಮ್ಮ ಇದನ್ನೇ ಸುರುಳಿ ಸುತ್ತಿದ್ದಾರೆ. ಗುರುವಾರದ ಕಟ್ಟುಗಳಲ್ಲಿ ಎರಡು ಸಡಿಲವೆಂದು ವಾಪಸು ಬಂದಿವೆ. ನಲವತ್ತನಾಲ್ಕು ವರ್ಷದಲ್ಲಿ ಅಪರೂಪದ ಮಾತು.

ಶುಕ್ರವಾರ ಬೆಳಿಗ್ಗೆ ಅವರು ತಂದದ್ದು ಬಾಗಿಲಿನದ್ದನ್ನು. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿದೆ. "ಡಿಸ್ಕು ಸತ್ತಲ್ಲಿ ನಾನು ಮಾತು ಹಾಕಿದ್ದು. ಅದು ತಪ್ಪಲ್ಲ. ಸರಿಯಾದ ಡಿಸ್ಕು ಎದುರಿಗೆ ಇಟ್ಟುಕೊಂಡು ಬಾಯಿ ಮುಚ್ಚಿ ಕೂತರೆ ಅದು ಸುಳ್ಳಾಗ್ತದೆ. ಮೂವತ್ತು ವರ್ಷ ಬಲಕ್ಕೆ ಕೂತವಳಿಗೆ ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ."

ಮಧ್ಯಾಹ್ನ ನಮಾಜು ಮುಗಿಸಿ ಜುಲೈಕಾ ಬಂದು ಮೊರ ಇಟ್ಟಾಗ ಸೇಸಮ್ಮ ಮೊದಲು ಅವರಿಗೇ ಹೇಳಿದರು: "ಜುಲೈಕಾ, ನಾನು ಹೇಳ್ತಿದ್ದದ್ದು ಸಿನಿಮಾದಲ್ಲಿ ಇಲ್ಲ. ನನ್ನ ಎಣಿಕೆ ಅದು. ಇವತ್ತು ಇದ್ದದ್ದು ಇದ್ದ ಹಾಗೆ ಕೇಳುವ." ಜುಲೈಕಾ ನೂಲಿನ ತುದಿ ಹುಡುಕುತ್ತಿದ್ದರು.

ಸಿನಿಮಾ ನಡೆಯಿತು. ಅಕ್ಕ ರೈಲಿಳಿದಳು. ಮೂರು ಬಡಿತ. ವಿಸ್ಮಿತಾಳ ಕೈ ಅಭ್ಯಾಸದಿಂದ ರಿಮೋಟಿಗೆ ಹೋಯಿತು, ಮತ್ತೆ ಹಿಂದೆ ಬಂತು. ಹನ್ನೊಂದು ನಿಮಿಷ ಆ ಬಾಗಿಲು ತೆರೆಯಲಿಲ್ಲ. ಹೊರಗೆ ಅಕ್ಕನ ಮಾತು, ಒಳಗೆ ತಂಗಿಯ ಉಸಿರು. ಜಗಲಿಯಲ್ಲಿ ಎಲೆಯ ಸರಸರ ಒಂದೊಂದಾಗಿ ನಿಂತಿತು. ಕೊನೆಗೆ ರೈಲು. "ಸಾಕು. ಇಷ್ಟು ಸಾಕು ನನಗೆ." ಅದೇ ದನಿ, ಅದೇ ಅಕ್ಷರ. ಇಷ್ಟು ವರ್ಷ ಹೊಟ್ಟೆ ತುಂಬಿದವಳ ಮಾತಾಗಿ ಕೇಳಿದ್ದು ಈಗ ಕೇಳಲಿಕ್ಕಾಗದ ಹಾಗಿತ್ತು.

ಸೇಸಮ್ಮ ತಲೆ ಎತ್ತಲಿಲ್ಲ. ಜುಲೈಕಾ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡರು.

"ತೆಗೆಯಲೇ ಇಲ್ಲ ಅಲ್ವಾ ಸೇಸಕ್ಕ. ಪಾಪ, ಆ ತಂಗಿಯಾದರೂ ಏನು ಮಾಡ್ತಾಳೆ? 'ಊಟ ಆಯ್ತಾ' ಅಂತ ಕೇಳಬೇಕೆಂದು ಅವಳಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ." ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡು, "ಮುಂದಿನ ತಿಂಗಳು ನನ್ನ ಅಕ್ಕ ಬರ್ತಾಳೆ. ಆಗ ಹಳೆಯದ್ದು ಹಾಕು. ನಿನ್ನದ್ದನ್ನು ಅವಳೂ ಒಮ್ಮೆ ಕೇಳಲಿ" ಎಂದರು. ಎಲೆಗಳು ಮತ್ತೆ ಸರಸರ ಎಂದವು.

ಸಂಜೆ ಐದಕ್ಕೆ ಮೊರಗಳು ಎದ್ದವು. ಹಲಗೆಯಲ್ಲಿ ಇನ್ನೊಂದಕ್ಕೆ ಜಾಗವಿಲ್ಲ, ಏನಾದರೂ ಇಳಿಯಲೇಬೇಕು. ಸೇಸಮ್ಮ ಸ್ಟೂಲು ಹತ್ತಿ, ಕೆಸರಿನ ಕಲೆಯಿರುವ ಹಳೆಯ ಡಿಸ್ಕನ್ನು ಮುಟ್ಟಿ ನೋಡಿ, ಇದ್ದಲ್ಲೇ ಬಿಟ್ಟರು. ಇಳಿದು, ಹೊಸ ಬಾಕ್ಸನ್ನು ಟಿ.ವಿ.ಯ ಪಕ್ಕದ ಗಿಡ್ಡ ಕಪಾಟಿನಲ್ಲಿಟ್ಟರು. ಗೋಡೆಯ ಕಂದು ಗೆರೆಗಿಂತ ಎರಡು ಮೊಳ ಕೆಳಗೆ.

"ಅಯ್ಯೋ ಸೇಸಕ್ಕ, ಅದು ಸರಿ ಇದ್ದದ್ದು! ನೆರೆ ಬಂದರೆ ಮೊದಲು ಅದೇ ಹೋಗ್ತದೆ" ಎಂದಳು ಮೆಟ್ಟಿಲಿಳಿಯುತ್ತಿದ್ದ ವಿಸ್ಮಿತಾ.

ಸೇಸಮ್ಮ ನಾಳೆಯ ಎಲೆಗೆ ನೀರು ಚಿಮುಕಿಸುತ್ತಿದ್ದಾರೆ. ಗೋಣಿಬಟ್ಟೆ ಮಡಚಿ, ಮೇಲೆ ಒಂದು ಕಲ್ಲು ಇಡುತ್ತಾರೆ.

"ಹೋದರೆ ಹೋಗಲಿ. ಹೇಳಲಿಕ್ಕೆ ನಾನು ಉಂಟಲ್ಲ."