ಸೊಸೆಯ ತೋಳಿನ ಪಟ್ಟಿ

ನನ್ನ ಸೊಸೆಯ ಮೈಮೇಲೆ ಸತ್ತ ನನ್ನ ಗಂಡ ಬಂದಿರಲಿಲ್ಲ. ಬಂದದ್ದು ಹೊಗೆಸೊಪ್ಪು. ಅರ್ಧ ಅವಳೇ ಅಂಟಿಸಿಕೊಂಡದ್ದು, ಅರ್ಧ ನಾನು ಕಟ್ಟಿದ್ದು. ಸೇಲಂನ ನಮ್ಮ ಬೀದಿಯವರು ಈಗಲೂ ಬೇರೆ ಹೇಳುತ್ತಾರೆ. ಹೇಳಿಕೊಳ್ಳಲಿ.

ಕೊರೊನಾ ಬಂದು ಹೋದ ಮೇಲೆ ಅವಳು ಸರಿಯಾಗಿ ಎದ್ದದ್ದೇ ಇಲ್ಲ. ಎರಡು ಕೊಡ ನೀರು ಹಿಡಿದರೆ ದಿನವೆಲ್ಲ ಮಲಗಬೇಕು. ಮೊಮ್ಮಗಳಿಗೆ ತಲೆ ಬಾಚುತ್ತ ಬಾಚುತ್ತ ನಿದ್ದೆ ಹೋಗುತ್ತಿದ್ದಳು. ಮಗ್ಗದಲ್ಲಿ ಕೂತರೆ ಲಾಳಿಯನ್ನು ಕೈಯಲ್ಲಿ ಹಿಡಿದು ಇದೇನು ಎಂಬಂತೆ ನೋಡುವಳು. "ತಲೆಯೊಳಗೆ ನೂಲು ಸಿಕ್ಕಾಗೈತೆ ಅತ್ತೆ, ತುದಿ ಸಿಗ್ತಿಲ್ಲ" ಎನ್ನುವಳು. ಡಾಕ್ಟರು ರಕ್ತ ನೋಡಿ ಎಲ್ಲ ಚೆನ್ನಾಗಿದೆ ಎಂದರು. ಸೋಮಾರಿ ಎಂದು ನಾನೂ ಬೈದೆ. ಬೈದದ್ದು ತಪ್ಪು.

ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಮಗ್ಗ ಸದ್ದು ಮಾಡಿತು. ಎರಡು ಹೊಡೆತ, ಒಂದು ಬಿಡುವು. ಮತ್ತೆ ಎರಡು ಹೊಡೆತ, ಬಿಡುವು. ನನ್ನ ಕೈ ಮೊರದಲ್ಲೇ ನಿಂತಿತು. ಹಾಗೆ ನೇಯುತ್ತಿದ್ದವರು ನನ್ನ ಗಂಡ ಒಬ್ಬರೇ. ಬಾಯಲ್ಲಿದ್ದ ಹೊಗೆಸೊಪ್ಪನ್ನು ಆಚೆ ದವಡೆಗೆ ಹೊರಳಿಸಲು ಅಷ್ಟು ಹೊತ್ತು ನಿಲ್ಲಿಸುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷ. ಇವಳು ಈ ಮನೆಗೆ ಬಂದದ್ದು ಆಮೇಲೆ. ಆ ಸದ್ದನ್ನು ಇವಳು ಕೇಳಿಯೇ ಇಲ್ಲ.

ಹೋಗಿ ನೋಡಿದೆ. ಅವಳ ಕಣ್ಣು ಹೊಳೆಯುತ್ತಿತ್ತು. ಕತ್ತಿನ ನರ ಕುಣಿಯುತ್ತಿತ್ತು. ಬಟ್ಟೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಎದುರುಮನೆಯವಳು ಸದ್ದು ಕೇಳಿ ಬಾಗಿಲಿಗೆ ಬಂದಳು. "ಅಕ್ಕೋ, ಇದು ಬಾವನ ಕೈ! ಅಮಾಸೆ ಎಡೆಗೆ ಒಗೆಸೊಪ್ಪು ಇಟ್ಟಿದ್ಯಾ?"

"ಮರ್ತೆ."

"ಅದ್ಕೇ ಕೇಳ್ಕೊಂಡು ಬಂದವ್ರೆ."

"ಬದುಕಿದ್ದಾಗ ಸಂತೆಗೆ ಕರೆದ್ರೂ ಬರದೋರು, ಈಗ ಸೊಪ್ಪಿಗೆ ಬತ್ತಾರಾ?"

ಬಾಯಿಗೆ ಹಾಗಂದೆ, ಒಳಗೆ ಭಯ. ಸತ್ತವರು ಯಾರ ಮೇಲೆ ಬಂದರೂ ಅವರಿಗೆ ಇಷ್ಟವಾದದ್ದನ್ನು ಆ ಮೈಗೇ ಕೊಡುವುದು ನಮ್ಮ ಬೀದಿಯ ಪದ್ಧತಿ. ಹೊಗೆಸೊಪ್ಪು ತರಿಸಿ, ನೀರಲ್ಲಿ ನೆನೆಸಿ, ಹಳೆ ಸೀರೆಯ ಚೂರಿನಿಂದ ಅವಳ ಹೊಟ್ಟೆಗೆ ಕಟ್ಟಿದೆ. ಅವಳು ಬೇಡ ಅನ್ನಲಿಲ್ಲ. ಆಗಲೇ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೈಯೆಲ್ಲ ತಣ್ಣನೆ ಬೆವರು. ನಡುಕ. ಬಾಯಿಂದ ಜೊಲ್ಲು, ಆಮೇಲೆ ವಾಂತಿ. ಹೊರಗೆ "ಪೇಯ್, ಪೇಯ್" ಎಂದು ತಮಿಳಿನಲ್ಲಿ ದೆವ್ವದ ಹೆಸರೆತ್ತಿ ಜನ ಸೇರಿದರು. ಎದುರುಮನೆಯವಳು ಬೇವಿನ ಕೊಂಬೆ ಎತ್ತಿ, "ಯಾರು ನೀನು? ಬಾಯ್ಬುಡು!" ಎಂದು ಹೊಡೆಯಲು ಹೋದಳು.

ಆ ಜೊಲ್ಲು ನೋಡಿ ನನಗೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅವರ ಡಬ್ಬಿಯಿಂದ ಒಂದು ಚೂರು ಕದ್ದು ಬಾಯಿಗೆ ಹಾಕಿಕೊಂಡಿದ್ದೆ. ಇದೇ ಬೆವರು, ಇದೇ ವಾಂತಿ. ಅವತ್ತು ನನ್ನ ಮೇಲೆ ಯಾವ ದೆವ್ವವೂ ಬಂದಿರಲಿಲ್ಲ.

ಕೊಂಬೆ ಕಿತ್ತೆಸೆದೆ. ಕಟ್ಟು ಬಿಚ್ಚಿ, ಸೋಪು ಹಾಕಿ ಹೊಟ್ಟೆ ತೊಳೆದೆ. ಒದ್ದೆ ರವಿಕೆ ತೆಗೆಯುವಾಗ ತೋಳಿನ ಮೇಲೆ ಮೈಬಣ್ಣದ ಪಟ್ಟಿ ಕಂಡಿತು.

"ಇದೇನೇ?"

"ಸಿಗರೇಟು ಬಿಡೋರು ಅಂಟಿಸ್ಕೊಳ್ಳೋದು ಅತ್ತೆ. ನಿಕೋಟಿನ್, ಒಗೆಸೊಪ್ಪಲ್ಲಿ ಇರೋದೇ. ನನ್ನಂಗೆ ಕಾಯಿಲೆ ಇರೋರು ಫೋನಲ್ಲಿ ತಿಳಿಸಿದ್ರು. ಎರಡು ದಿನದಿಂದ ತಲೆ ತಿಳಿಯಾಗಿತ್ತು. ಬೈತೀರಾ ಅಂತ ಮುಚ್ಚಿಟ್ಟೆ."

ಪಟ್ಟಿ ಕಿತ್ತು, ಅವಳನ್ನು ಆಟೋಗೆ ಹಾಕಿದೆ. ದಾರಿಯಲ್ಲಿ ಕೇಳಿದೆ, "ಮಗ್ಗದಲ್ಲಿ ಎರಡೊಡೆದು ನಿಲ್ಲಿಸೋದು ಯಾರೇ ಕಲಿಸಿದ್ದು?"

"ಪಕ್ಕದಲ್ಲಿ ಕೂತು ನೀವೇ ಅಲ್ವಾ ಅತ್ತೆ ಎಣಿಸ್ತಿದ್ದಿದ್ದು?"

ನಾನು ಆಗ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಬೇಗ ಹೋಗು ಎಂದು ಆಟೋದವನಿಗೆ ಹೇಳಿದೆ.

ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಪಟ್ಟಿಯದೂ ಸೊಪ್ಪಿನದೂ ಸೇರಿ ಚರ್ಮದಿಂದ ವಿಷ ಏರಿದೆ, ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಜೀವಕ್ಕೇ ಕುತ್ತು ಎಂದರು.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ಇವಳು ಮುಚ್ಚಿಟ್ಟಿದ್ದ ಪಟ್ಟಿಯ ಪೊಟ್ಟಣವನ್ನು ಅವರ ಕೈಗಿಟ್ಟೆ. ವಿಷ ಅಂಟಿಸಿಕೊಂಡಾದರೂ ಕೆಲಸ ಮಾಡುತ್ತೇನೆ ಎಂದವಳು ಇವಳು, ಇವಳ ಸುಸ್ತು ಸೋಮಾರಿತನವಲ್ಲ, ಕಾಯಿಲೆ, ಚೀಟಿಯಲ್ಲಿ ಹಾಗೆಂದು ಬರೆಯಿರಿ ಎಂದು ತಮಿಳಿನಲ್ಲಿ ಹೇಳಿದೆ. ಅವರು ಬರೆಯುವ ತನಕ ದಾರಿ ಬಿಡಲಿಲ್ಲ.